ಮೈಕ್ರೋಫೈಬರ್ ಟವೆಲ್: ಕಾರ್ ಡಿಟೇಲಿಂಗ್‌ನಲ್ಲಿ ಆಯ್ಕೆ ಮತ್ತು ಆರೈಕೆ

ಮೈಕ್ರೋಫೈಬರ್ ಟವೆಲ್ ಎಂದರೆ 1 ಡೆನಿಯರ್‌ಗಿಂತ ಸಣ್ಣ ಸಂಶ್ಲೇಷಿತ ಎಳೆಗಳಿಂದ, ಸಾಮಾನ್ಯವಾಗಿ ಪಾಲಿಯೆಸ್ಟರ್ ಮತ್ತು ನೈಲಾನ್ ಜೋಡಿಯಿಂದ, ಹೆಣೆದು ಮಾಡಿದ ಒರೆಸುವ ಬಟ್ಟೆ. ಕಾರಿನ ಹೊರಮೈ, ಗಾಜು ಮತ್ತು ಒಳಭಾಗವನ್ನು ಗೀರು ಬೀಳದಂತೆ ತೊಳೆದು, ಒರೆಸಿ, ಹೊಳಪು ಕೊಟ್ಟು, ಆ ಹೊಳಪು ಉಳಿಯುವಂತೆ ಲೇಪ ಹಚ್ಚುವ ಕೆಲಸವನ್ನು ಕಾರ್ ಡಿಟೇಲಿಂಗ್ ಎನ್ನುತ್ತಾರೆ. ಅದರ ಬಹುತೇಕ ಎಲ್ಲ ಹಂತಗಳಲ್ಲೂ ಕೈಗೂ ಕಾರಿಗೂ ನಡುವೆ ಇರುವುದು ಈ ಬಟ್ಟೆ. ಅಂಗಡಿಯಲ್ಲಿ ಇದನ್ನು ತೂಕ, ಎಳೆಗಳ ಪ್ರಮಾಣ, ಅಂಚಿನ ಹೊಲಿಗೆ ಮುಂತಾದ ಗುಣಗಳ ಮೇಲೆ ಮಾರುತ್ತಾರೆ. ಈ ಗುಣಗಳಿಗೆ ಬೆಲೆ ಇದೆ. ಆದರೆ ಬಟ್ಟೆಯ ರಚನೆ, ಕಾರಿನ ಬಣ್ಣದ ಸ್ವಭಾವ ಮತ್ತು ಗೀರು ಬೀಳುವ ಬಗೆ, ಈ ಮೂರನ್ನೂ ಒಟ್ಟಿಗೆ ನೋಡಿದರೆ ಬಣ್ಣದ ಸುರಕ್ಷತೆಯನ್ನು ನಿರ್ಧರಿಸುವುದು ಒರೆಸುವ ಹೊತ್ತಿನಲ್ಲಿ ಬಟ್ಟೆಯೊಳಗೆ ಏನು ಸಿಕ್ಕಿಕೊಂಡಿದೆ ಎಂಬುದೇ ಎಂದು ತಿಳಿಯುತ್ತದೆ. ಹಾಗಾಗಿ ಟವೆಲ್ ಆರಿಸುವುದೂ ಅದನ್ನು ಒಗೆದು ಇಡುವುದೂ ಒಂದೇ ಕೆಲಸದ ಎರಡು ಭಾಗಗಳು.

ಈ ಲೇಖನದಲ್ಲಿ ಎಳೆ ಎಂದರೆ ಒಂಟಿ ನಾರು. ನೂಲು ಎಂದರೆ ಎಳೆಗಳ ಕಟ್ಟು. ಕುಚ್ಚು ಎಂದರೆ ಬಟ್ಟೆಯ ಮೈಯಿಂದ ಮೇಲೆದ್ದು ನಿಂತ ನೂಲು. ಸುರುಳಿ ಎಂದರೆ ತುದಿ ಕತ್ತರಿಸದೆ ಉಂಗುರದಂತೆ ಬಿಟ್ಟ ಕುಚ್ಚು. ಜಿಎಸ್‌ಎಂ ಎಂಬುದು ಒಂದು ಚದರ ಮೀಟರ್ ಬಟ್ಟೆಯ ತೂಕವನ್ನು ಗ್ರಾಂಗಳಲ್ಲಿ ಹೇಳುವ ಅಳತೆ.

ಹುಟ್ಟು ಮತ್ತು ಬೆಳವಣಿಗೆ

ಅತಿಸಣ್ಣ ಎಳೆಯ ಹುಡುಕಾಟ ಶುರುವಾದದ್ದು ಉಡುಪಿನ ಉದ್ಯಮದಲ್ಲಿ. 1960ರ ದಶಕದಲ್ಲಿ ಜಪಾನಿನ ತೋರೆ ಇಂಡಸ್ಟ್ರೀಸ್ ಕಂಪನಿಯ ವಿಜ್ಞಾನಿ ಮಿಯೋಶಿ ಒಕಾಮೊಟೊ ಎರಡು ಬಗೆಯ ಪಾಲಿಮರ್‌ಗಳನ್ನು ಒಂದೇ ರಂಧ್ರದಿಂದ ಒಟ್ಟಿಗೆ ಎಳೆದು, ಆಮೇಲೆ ಒಂದನ್ನು ಕರಗಿಸಿ ತೆಗೆದು, ಇನ್ನೊಂದರ ಅತಿಸಣ್ಣ ಎಳೆಗಳನ್ನು ಉಳಿಸಿಕೊಳ್ಳುವ ವಿಧಾನವನ್ನು ಬೆಳೆಸಿದರು. ಕರಗುವ ಪಾಲಿಮರ್ ಸಮುದ್ರದಂತೆಯೂ ಉಳಿಯುವ ಎಳೆಗಳು ದ್ವೀಪಗಳಂತೆಯೂ ಕಾಣುವುದರಿಂದ ಇದಕ್ಕೆ ‘ಸಮುದ್ರದಲ್ಲಿ ದ್ವೀಪ’ ವಿಧಾನ ಎಂಬ ಹೆಸರು ಬಂತು. ಈ ಎಳೆಯಿಂದ ಮಾಡಿದ ಅಲ್ಟ್ರಾಸ್ವೀಡ್ ಎಂಬ ಕೃತಕ ಚರ್ಮ 1970ರಲ್ಲಿ ಮಾರುಕಟ್ಟೆಗೆ ಬಂತು. ಇದೇ ತಂತ್ರದಿಂದ ಇಟಲಿಯಲ್ಲಿ ತಯಾರಾದ ಅಲ್ಕಾಂತರ ಕಾರುಗಳ ಆಸನ ಮತ್ತು ಸ್ಟಿಯರಿಂಗ್ ಹೊದಿಕೆಯಾಯಿತು. ಅಂದರೆ ಮೈಕ್ರೋಫೈಬರ್ ಕಾರಿನೊಳಗೆ ಮೊದಲು ಬಂದದ್ದು ಆಸನದ ಬಟ್ಟೆಯಾಗಿ. ಒರೆಸುವ ಬಟ್ಟೆಯಾಗಿ ಬಂದದ್ದು ತಡವಾಗಿ.

ಒರೆಸುವ ಬಟ್ಟೆಗೆ ದಾರಿ ಮಾಡಿದ್ದು ಇನ್ನೊಂದು ವಿಧಾನ. ಪಾಲಿಯೆಸ್ಟರ್ ಮತ್ತು ನೈಲಾನನ್ನು ಹೋಳು ಹೋಳಾಗಿ ಜೋಡಿಸಿ ಒಂದೇ ಎಳೆಯಾಗಿ ತೆಗೆದು, ನಂತರ ಆ ಹೋಳುಗಳನ್ನು ಬಿಡಿಸುವ ಸೀಳು ಎಳೆಯ ತಂತ್ರವನ್ನು ಜಪಾನಿನ ಕಾನೆಬೊ ಮುಂತಾದ ಕಂಪನಿಗಳು ಬಳಕೆಗೆ ತಂದವು. 1980ರ ದಶಕದಲ್ಲಿ ಕನ್ನಡಕ ಮತ್ತು ಕ್ಯಾಮೆರಾ ಲೆನ್ಸ್ ಒರೆಸುವ ಬಟ್ಟೆಗಳು ಬಂದವು. 1990ರ ದಶಕದಲ್ಲಿ ಸ್ವೀಡನ್ ಮೊದಲಾದ ಯೂರೋಪಿನ ದೇಶಗಳಲ್ಲಿ ಮನೆ ಮತ್ತು ಆಸ್ಪತ್ರೆಗಳ ಶುಚಿ ಕೆಲಸಕ್ಕೆ ಮೈಕ್ರೋಫೈಬರ್ ಹರಡಿತು. ಅದಕ್ಕೂ ಮುನ್ನ ಕಾರು ಒರೆಸಲು ಹತ್ತಿ ಟವೆಲ್, ಹಳೆಯ ಬನಿಯನ್ ಬಟ್ಟೆ ಮತ್ತು ಮೀನೆಣ್ಣೆಯಿಂದ ಹದ ಮಾಡಿದ ಕುರಿಚರ್ಮದ ಶಾಮಿ ಬಳಕೆಯಲ್ಲಿದ್ದವು. ಡಿಟೇಲಿಂಗ್‌ನಲ್ಲಿ ಈ ಮೂರರ ಜಾಗವನ್ನೂ ಮೈಕ್ರೋಫೈಬರ್ ಹೆಚ್ಚುಕಡಿಮೆ ಪೂರ್ತಿ ತೆಗೆದುಕೊಂಡಿದೆ.

ಎಳೆಯ ರಚನೆ

ಡೆನಿಯರ್ ಎಂದರೆ 9,000 ಮೀಟರ್ ಉದ್ದದ ಎಳೆಯ ತೂಕ, ಗ್ರಾಂಗಳಲ್ಲಿ. 1 ಡೆನಿಯರ್‌ನ ಪಾಲಿಯೆಸ್ಟರ್ ಎಳೆಯ ವ್ಯಾಸ ಸುಮಾರು 10 ಮೈಕ್ರೋಮೀಟರ್. ಹತ್ತಿಯ ಎಳೆ ಸಾಮಾನ್ಯವಾಗಿ ಇದಕ್ಕಿಂತ ದಪ್ಪ. ಟವೆಲ್‌ಗೆ ಬಳಸುವ ಎಳೆ ಇನ್ನೂ ಸಣ್ಣದು. 2 ಡೆನಿಯರ್‌ನ ಒಂದು ಜೋಡಿ ಎಳೆಯನ್ನು 16 ಹೋಳಾಗಿ ಬಿಡಿಸಿದರೆ ಪ್ರತಿ ಹೋಳೂ ಸರಾಸರಿ 0.125 ಡೆನಿಯರ್ ಆಗುತ್ತದೆ. ಬಿಡಿಸುವ ಕೆಲಸ ನಡೆಯುವುದು ಕಾಸ್ಟಿಕ್ ಸೋಡಾದಂಥ ಕ್ಷಾರದ ಬಿಸಿ ದ್ರಾವಣದಲ್ಲಿ ಅಥವಾ ಯಾಂತ್ರಿಕ ಒತ್ತಡದಿಂದ. ಬಿಡಿಸಿದ ನಂತರ ಎಳೆಯನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆಣೆಯಾಕಾರದ ಪಾಲಿಯೆಸ್ಟರ್ ಹೋಳುಗಳೂ, ಅವುಗಳ ನಡುವೆ ನಕ್ಷತ್ರದಂತೆ ಅಥವಾ ಕಡ್ಡಿಗಳಂತೆ ಉಳಿದ ನೈಲಾನೂ ಕಾಣುತ್ತವೆ. ಬೆಣೆಯ ಮೂಲೆಗಳು ಕೊಳೆಯ ಕಣವನ್ನು ಕೆರೆದು ಎಬ್ಬಿಸುತ್ತವೆ. ಹೋಳುಗಳ ನಡುವಿನ ಸಂದುಗಳು ಅದನ್ನು ಹಿಡಿದಿಡುತ್ತವೆ.

ಸೀಳದ ಎಳೆಯ ಬಟ್ಟೆಯೂ ಮೈಕ್ರೋಫೈಬರ್ ಎಂಬ ಹೆಸರಿನಲ್ಲೇ ಮಾರಾಟವಾಗುತ್ತದೆ. ಎಳೆ 1 ಡೆನಿಯರ್‌ಗಿಂತ ಸಣ್ಣದಾಗಿದ್ದರೆ ಆ ಹೆಸರು ತಪ್ಪಲ್ಲ. ಬೆಡ್‌ಶೀಟ್ ಮತ್ತು ಉಡುಪಿನ ಮೈಕ್ರೋಫೈಬರ್ ಹೆಚ್ಚಾಗಿ ಇಂಥದ್ದೇ. ಆದರೆ ದುಂಡಗಿನ, ಸಂದಿಲ್ಲದ ಎಳೆ ನೀರನ್ನು ಹೀರುವ ಬದಲು ಮುಂದಕ್ಕೆ ತಳ್ಳುತ್ತದೆ. ಎರಡರ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಸೀಳಿದ ಎಳೆಯ ಬಟ್ಟೆಯ ಮೇಲೆ ಒಣಗಿದ ಅಂಗೈ ಆಡಿಸಿದರೆ ಚರ್ಮದ ಒರಟಿಗೆ ಅದು ತಗಲಿಕೊಂಡು ಎಳೆದಂತಾಗುತ್ತದೆ. ಸೀಳದ ಬಟ್ಟೆ ಜಾರಿ ಹೋಗುತ್ತದೆ. ಮೇಜಿನ ಮೇಲೆ ಚೂರು ನೀರು ಚೆಲ್ಲಿ ಒಂದೇ ಸಲ ಎಳೆದು ನೋಡುವುದು ಎರಡನೆಯ ಪರೀಕ್ಷೆ.

ಹೀರುವ ಮತ್ತು ಹಿಡಿಯುವ ಬಗೆ

ಪಾಲಿಯೆಸ್ಟರ್ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಾಮಾನ್ಯ ಹವೆಯಲ್ಲಿ ಅದು ಹಿಡಿದಿಡುವ ತೇವ ತನ್ನ ತೂಕದ ಸುಮಾರು ಶೇ 0.4, ನೈಲಾನ್‌ಗೆ ಇದು ಸುಮಾರು ಶೇ 4, ಹತ್ತಿಗೆ ಸುಮಾರು ಶೇ 8. ಈ ಅಂಕಿಗಳನ್ನಷ್ಟೇ ನೋಡಿದರೆ ಕಾರು ಒರೆಸಲು ಹತ್ತಿಯೇ ಮೇಲು ಅನ್ನಿಸುತ್ತದೆ. ಆದರೆ ಟವೆಲ್ ಹೀರುವ ನೀರಿನ ಬಹುಪಾಲು ಸೇರುವುದು ಎಳೆಗಳ ನಡುವಿನ ಸಂದಿಗೆ. ಸಂದು ಕಿರಿದಾದಷ್ಟೂ ಲೋಮನಾಳ ಕ್ರಿಯೆಯ ಸೆಳೆತ ಹೆಚ್ಚು. ಎಳೆ ಸಣ್ಣದಾದಷ್ಟೂ ಅದೇ ತೂಕದ ಬಟ್ಟೆಯಲ್ಲಿ ಸಂದುಗಳ ಸಂಖ್ಯೆ ಹೆಚ್ಚು. ಹೀಗಾಗಿ ನೀರನ್ನು ಒಳಗೆ ಸೇರಿಸದ ಎಳೆಯಿಂದ ಮಾಡಿದ ಬಟ್ಟೆ ತನ್ನ ತೂಕದ ಹಲವು ಪಟ್ಟು ನೀರನ್ನು ಹೊರುತ್ತದೆ, ಹಿಂಡಿದರೆ ಅಷ್ಟೇ ಸುಲಭವಾಗಿ ಬಿಡುತ್ತದೆ, ಹತ್ತಿಗಿಂತ ಬೇಗ ಒಣಗುತ್ತದೆ. ಎಣ್ಣೆ ಮತ್ತು ವ್ಯಾಕ್ಸ್‌ಗೆ ಪಾಲಿಯೆಸ್ಟರ್‌ನ ಒಲವು ಸಹಜವಾಗಿಯೇ ಇದೆ. ಒಣ ಬಟ್ಟೆ ಉಜ್ಜಿದಾಗ ಹುಟ್ಟುವ ಸ್ಥಿರವಿದ್ಯುತ್ ಧೂಳನ್ನು ಸೆಳೆಯುತ್ತದೆ.

ಪ್ಯಾಕೆಟ್ ಮೇಲೆ 80:20 ಅಥವಾ 70:30 ಎಂದು ಬರೆದಿರುವುದು ಪಾಲಿಯೆಸ್ಟರ್ ಮತ್ತು ನೈಲಾನ್‌ಗಳ ಪ್ರಮಾಣ. ನೈಲಾನ್ ಹೆಚ್ಚಿದ್ದರೆ ಹೀರುವಿಕೆ ಮತ್ತು ಮೃದುತ್ವ ಹೆಚ್ಚು ಎಂಬುದು ಸಾಮಾನ್ಯ ತಿಳಿವಳಿಕೆ. ಬೇರೆಲ್ಲ ಗುಣಗಳು ಸಮನಾಗಿದ್ದಾಗ ಇದು ಸರಿ. ಆದರೆ ಹೀರುವಿಕೆ ಮುಖ್ಯವಾಗಿ ಸಂದುಗಳ ಕೆಲಸವಾದ್ದರಿಂದ, ಚೆನ್ನಾಗಿ ಸೀಳಿದ 80:20 ಬಟ್ಟೆ ಅರೆಬರೆ ಸೀಳಿದ 70:30 ಬಟ್ಟೆಗಿಂತ ಉತ್ತಮವಾಗಿರಬಹುದು. ಪ್ರಮಾಣದ ಅಂಕಿ ಸೀಳಿಕೆಯ ಮಟ್ಟವನ್ನು ಹೇಳುವುದಿಲ್ಲ.

ಇದೇ ಹಿಡಿಯುವ ಗುಣದಲ್ಲಿ ಅಪಾಯವೂ ಇದೆ. ಧೂಳು, ಮರಳಿನ ಕಣ, ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ, ಒಣಗಿದ ಪಾಲಿಶ್, ಡಿಟರ್ಜೆಂಟಿನ ಹರಳು, ಯಾವುದನ್ನೂ ಬಟ್ಟೆ ಬೇರೆ ಮಾಡಿ ನೋಡುವುದಿಲ್ಲ. ಹಿಡಿದದ್ದನ್ನು ಒಗೆದು ಬಿಡಿಸದಿದ್ದರೆ ಅದು ಮುಂದಿನ ಬಾರಿಯ ಒರೆಸುವಿಕೆಗೆ ಉಳಿಯುತ್ತದೆ.

ಕಾರಿನ ಬಣ್ಣ ಮತ್ತು ಗೀರು

ಇಂದಿನ ಕಾರುಗಳ ಹೊರಮೈಯಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರೋಮೀಟರ್, ಅಂದರೆ ದಿನಪತ್ರಿಕೆಯ ಒಂದು ಹಾಳೆಗಿಂತ ತೆಳು. ಬೀದಿಯ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಮೋಸ್ ಗಡಸುತನದ ಅಳತೆಯಲ್ಲಿ 7; ಕ್ಲಿಯರ್ ಕೋಟ್ ಅದರ ಎದುರು ಬಹಳ ಮೃದು. ಬಟ್ಟೆಗೂ ಬಣ್ಣಕ್ಕೂ ನಡುವೆ ಇಂಥ ಒಂದು ಕಣ ಸಿಕ್ಕಿ ಕೈ ಒತ್ತಿದರೆ ಗೀರು ಬೀಳುತ್ತದೆ. ಬಿಸಿಲಿನಲ್ಲಿ ಅಥವಾ ಪೆಟ್ರೋಲ್ ಬಂಕಿನ ದೀಪದಡಿ ಕಪ್ಪು ಕಾರಿನ ಬಾನೆಟ್ ಮೇಲೆ ಜೇಡರ ಬಲೆಯಂತೆ ಕಾಣುವ ಸ್ವರ್ಲ್ ಮಾರ್ಕ್‌ಗಳು ಹೀಗೆ ಬಿದ್ದ ಗೀರುಗಳ ಗುಂಪು. ಅವು ವೃತ್ತಾಕಾರವಾಗಿ ಕಾಣುವುದರಿಂದ, ಸುತ್ತ ಸುತ್ತ ಉಜ್ಜಿದ್ದರಿಂದಲೇ ಬಂದವು ಎಂದು ಹಲವರು ತಿಳಿಯುತ್ತಾರೆ. ಎಲ್ಲ ದಿಕ್ಕಿಗೂ ಬಿದ್ದ ನೇರ ಗೀರುಗಳೂ ಹಾಗೆಯೇ ಕಾಣುತ್ತವೆ. ದೀಪದ ಪ್ರತಿಬಿಂಬದ ಸುತ್ತ ಸರಿಯಾದ ಕೋನದಲ್ಲಿರುವ ಗೀರುಗಳು ಮಾತ್ರ ಕಣ್ಣಿಗೆ ಬೆಳಕು ಕಳಿಸುವುದರಿಂದ ವೃತ್ತದ ಭ್ರಮೆ ಹುಟ್ಟುತ್ತದೆ. ದೀಪ ಸರಿದರೆ ವೃತ್ತವೂ ಸರಿಯುತ್ತದೆ. ಆದ್ದರಿಂದ ಸುತ್ತಲಾಗಿ ಒರೆಸುವ ಬದಲು ಉದ್ದಕ್ಕೆ ಒರೆಸಿದ ಮಾತ್ರಕ್ಕೆ ಗೀರು ತಪ್ಪುವುದಿಲ್ಲ. ಕಣವನ್ನು ಮೊದಲೇ ತೆಗೆದರೆ ತಪ್ಪುತ್ತದೆ.

ಬಿದ್ದ ಗೀರನ್ನು ಪಾಲಿಶ್ ಯಂತ್ರದಿಂದ ತೆಗೆಯಬಹುದಲ್ಲ, ಟವೆಲ್ ವಿಷಯದಲ್ಲಿ ಇಷ್ಟು ಎಚ್ಚರ ಯಾಕೆ ಎಂಬ ಆಕ್ಷೇಪ ಬರುತ್ತದೆ. ಪಾಲಿಶ್ ಗೀರನ್ನು ತುಂಬುವುದಿಲ್ಲ. ಸುತ್ತಲಿನ ಕ್ಲಿಯರ್ ಕೋಟನ್ನು ಗೀರಿನ ಆಳದವರೆಗೆ ಸವೆಸಿ ಸಮ ಮಾಡುತ್ತದೆ. ಪ್ರತಿ ಪಾಲಿಶ್‌ನಲ್ಲೂ ಪದರ ಸ್ವಲ್ಪ ತೆಳುವಾಗುತ್ತದೆ, ಸವೆದದ್ದು ಮರಳಿ ಬರುವುದಿಲ್ಲ. ಇಡೀ ಪದರವೇ 50 ಮೈಕ್ರೋಮೀಟರ್ ಒಳಗಿರುವಾಗ ಈ ದುರಸ್ತಿಯನ್ನು ಮತ್ತೆ ಮತ್ತೆ ಮಾಡಿಸಲಾಗದು.

ಮೈಕ್ರೋಫೈಬರ್ ಕೂಡ ಪ್ಲಾಸ್ಟಿಕ್ಕೇ, ಹಾಗಾಗಿ ಎಳೆಯೇ ಗೀರುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಸ್ವಲ್ಪ ಸತ್ಯವಿದೆ. ಕ್ಲಿಯರ್ ಕೋಟ್‌ಗಳ ಗಡಸುತನ ಒಂದೇ ಸಮ ಇರುವುದಿಲ್ಲ. ತೀರಾ ಮೃದುವಾದ ಗಾಢ ಬಣ್ಣದ ಮೇಲೆ ಒಣಬಟ್ಟೆ ಒತ್ತಿ ಉಜ್ಜಿದರೆ ಸಣ್ಣ ಮಂಕು ಮೂಡಬಹುದು. ಲೇಸರ್‌ನಿಂದ ಅಥವಾ ಶಾಖದಿಂದ ಕತ್ತರಿಸಿದ ಅಂಚಿನಲ್ಲಿ ಕರಗಿ ಗಟ್ಟಿಯಾದ ಸಣ್ಣ ಮಣಿಗಳೂ, ನೈಲಾನ್ ದಾರದ ಹೊಲಿಗೆಯೂ, ಲೇಬಲ್‌ನ ಮೂಲೆಯೂ ಗೀರಬಲ್ಲವು. ಆದರೆ ಶುಚಿಯಾದ ಮೃದು ಎಳೆಯ ಪರಿಣಾಮವನ್ನು ಬೆಣಚುಕಲ್ಲಿನ ಕಣದ ಪರಿಣಾಮಕ್ಕೆ ಹೋಲಿಸಲಾಗದು. ಬೆಂಕಿಕಡ್ಡಿ ಹಿಡಿದು ಬಟ್ಟೆ ಸುಟ್ಟು ನೋಡುವ ಪರೀಕ್ಷೆ ಬಳಕೆಯಲ್ಲಿದೆ. ಪಾಲಿಯೆಸ್ಟರ್ ಯಾವುದಾದರೂ ಕರಗಿ ಗಟ್ಟಿ ಮಣಿಯಾಗುವುದರಿಂದ ಆ ಪರೀಕ್ಷೆ ಒಳ್ಳೆಯ ಟವೆಲನ್ನು ಕೆಟ್ಟದ್ದರಿಂದ ಬೇರೆ ಮಾಡುವುದಿಲ್ಲ. ಹಳೆಯ ಸಿಡಿಯ ಹೊಳೆಯುವ ಬದಿಯನ್ನು ತೊಳೆದು ಒಣಗಿಸಿ, ಅದರ ಮೇಲೆ ಬಟ್ಟೆಯನ್ನೂ ಅಂಚನ್ನೂ ಬೇರೆ ಬೇರೆಯಾಗಿ ಉಜ್ಜಿ ದೀಪದಡಿ ನೋಡುವುದು ಹೆಚ್ಚು ಉಪಯುಕ್ತ. ಸಿಡಿಯ ಪಾಲಿಕಾರ್ಬೊನೇಟ್‌ಗೆ ಸುಲಭವಾಗಿ ಗೀರು ಬೀಳುವುದರಿಂದ, ಅದರ ಮೇಲೆ ಗುರುತು ಉಳಿಸುವ ಟವೆಲ್ ಬಣ್ಣದ ಹತ್ತಿರ ಹೋಗಬಾರದು.

ವಿಧಗಳು

ಹೆಣಿಗೆಯ ಆಧಾರದ ಮೇಲೆ ಟವೆಲ್‌ಗಳಲ್ಲಿ ಐದು ಮುಖ್ಯ ಬಗೆಗಳಿವೆ. ಎರಡೂ ಬದಿ ಸುರುಳಿ ಇರುವ ಟೆರಿ ಬಟ್ಟೆ ಎಲ್ಲ ಕೆಲಸಕ್ಕೂ ಒಗ್ಗುವ ಸಾಮಾನ್ಯ ಬಗೆ. ಅದರ ಸುರುಳಿಗಳು ಒಣಗಿದ ಪಾಲಿಶ್ ಮತ್ತು ವ್ಯಾಕ್ಸನ್ನು ಕೆರೆದು ಎಬ್ಬಿಸುತ್ತವೆ. ಕುಚ್ಚಿನ ತುದಿ ಕತ್ತರಿಸಿದ ಪ್ಲಶ್ ಬಟ್ಟೆ ಹೆಚ್ಚು ಮೃದು, ಕೊನೆಯ ಹೊಳಪಿಗೆ ಬಳಕೆಯಾಗುತ್ತದೆ. ಕೆಲವು ಟವೆಲ್‌ಗಳಲ್ಲಿ ಒಂದು ಬದಿ ಗಿಡ್ಡ ಸುರುಳಿಯೂ ಇನ್ನೊಂದು ಬದಿ ಉದ್ದ ಕುಚ್ಚೂ ಇರುತ್ತವೆ. ಚೌಕ ಚೌಕ ಗುಳಿಗಳಿರುವ ವಾಫಲ್ ಬಟ್ಟೆ ನೀರು ಹೀರಲೂ ಗಾಜು ಒರೆಸಲೂ ಒಗ್ಗುತ್ತದೆ. ನೂಲನ್ನು ಬಿಗಿಯಾಗಿ ತಿರುಚಿ ಉದ್ದ ಸುರುಳಿಯಾಗಿ ಬಿಟ್ಟ ಟ್ವಿಸ್ಟ್ ಲೂಪ್ ಬಟ್ಟೆ ಕಾರು ಒಣಗಿಸುವುದಕ್ಕೆಂದೇ ಬಂದದ್ದು. ಕುಚ್ಚೇ ಇಲ್ಲದ ನಯವಾದ ಸ್ವೀಡ್ ಬಟ್ಟೆ ಸೆರಾಮಿಕ್ ಲೇಪ ಹಚ್ಚಲು ಬಳಕೆಯಾಗುತ್ತದೆ. ತೊಳೆಯುವಾಗ ಕೈಗೆ ಹಾಕಿಕೊಳ್ಳುವ, ಬೆರಳಿನಂಥ ದಪ್ಪ ಕುಚ್ಚುಗಳ ಶೆನಿಲ್ ಗ್ಲೌಸ್ ಮೈಕ್ರೋಫೈಬರ್‌ನದೇ ಆದರೂ ಟವೆಲ್ ಎನಿಸಿಕೊಳ್ಳುವುದಿಲ್ಲ.

ಅಂಚಿನಲ್ಲೂ ಬಗೆಗಳಿವೆ: ದಾರದ ಓವರ್‌ಲಾಕ್ ಹೊಲಿಗೆ, ಸ್ಯಾಟಿನ್ ಅಥವಾ ಮೈಕ್ರೋಫೈಬರ್ ಪಟ್ಟಿ ಕಟ್ಟಿದ ಅಂಚು, ಹೊಲಿಗೆಯಿಲ್ಲದೆ ಕತ್ತರಿಸಿದ ಅಂಚು. ಕರಗಿ ಗಟ್ಟಿಯಾದ ಮಣಿಗಳಿಲ್ಲದಿದ್ದರೆ ಹೊಲಿಗೆಯಿಲ್ಲದ್ದು ಬಣ್ಣಕ್ಕೆ ಸುರಕ್ಷಿತ, ಆದರೆ ಕತ್ತರಿಸಿದ ಜಾಗದಲ್ಲಿ ಎಳೆಚೂರು ಬೇಗ ಉದುರಬಹುದು. ಪಟ್ಟಿ ಕಟ್ಟಿದ್ದು ಹೆಚ್ಚು ಬಾಳುತ್ತದೆ, ಆದರೆ ಪಟ್ಟಿಯ ಹೊಲಿಗೆ ಗಟ್ಟಿಯಾಗಿದ್ದರೆ ತೊಂದರೆ.

ಆಯ್ಕೆ

ಜಿಎಸ್‌ಎಂ ಹೆಚ್ಚಾದಷ್ಟೂ ಟವೆಲ್ ಉತ್ತಮ ಎಂಬ ನಂಬಿಕೆ ಮಾರಾಟದಿಂದ ಬಲವಾಗಿ ಬೇರೂರಿದೆ. ಜಿಎಸ್‌ಎಂ ಬಟ್ಟೆಯಲ್ಲಿ ಎಷ್ಟು ಎಳೆ ಇದೆ ಎಂದಷ್ಟೇ ಹೇಳುತ್ತದೆ. ಉದ್ದ ಕುಚ್ಚಿನ ಭಾರದ ಬಟ್ಟೆಗೆ ಒಂದು ನಿಜವಾದ ಅನುಕೂಲ ಇದೆ: ಸಿಕ್ಕ ಕಣ ಕುಚ್ಚಿನೊಳಕ್ಕೆ ಇಳಿದು ಬಣ್ಣದಿಂದ ದೂರ ಸರಿಯುತ್ತದೆ. ಅದೇ ಬಟ್ಟೆಯಿಂದ ಒಣಗಿದ ಕಾಂಪೌಂಡ್ (ಗೀರು ಸವೆಸುವ ಒರಟು ಪಾಲಿಶ್) ತೆಗೆಯಲು ಹೋದರೆ ಕುಚ್ಚು ಅದರ ಮೇಲೆ ಜಾರುತ್ತದೆ, ಪುಡಿ ಬುಡಕ್ಕೆ ಇಳಿದು ಒಗೆದರೂ ಬಿಡದಂತಾಗುತ್ತದೆ. ಗಾಜಿನ ಮೇಲೆ ಅದು ತೇವದ ಗೆರೆ ಉಳಿಸುತ್ತದೆ. ಕೆಲಸಕ್ಕೆ ತಕ್ಕ ಬಟ್ಟೆ ಆರಿಸುವುದೇ ಸರಿಯಾದ ಕ್ರಮ. ಗಾಜಿಗೆ ಗಿಡ್ಡ ಕುಚ್ಚಿನ ಅಥವಾ ವಾಫಲ್ ಹೆಣಿಗೆಯ 250ರಿಂದ 300 ಜಿಎಸ್‌ಎಂ. ಡ್ಯಾಶ್‌ಬೋರ್ಡ್ ಮತ್ತು ಒಳಭಾಗಕ್ಕೆ 250ರಿಂದ 350. ಪಾಲಿಶ್, ಕಾಂಪೌಂಡ್ ಮತ್ತು ವ್ಯಾಕ್ಸ್ ತೆಗೆಯಲು ಗಿಡ್ಡ ಸುರುಳಿಯ 300ರಿಂದ 400. ಕೊನೆಯ ಹೊಳಪಿಗೆ ಮತ್ತು ಸ್ಪ್ರೇ ಹಾಕಿ ಒರೆಸಲು 450ರಿಂದ 600ರ ಪ್ಲಶ್. ತೊಳೆದ ಕಾರನ್ನು ಒಣಗಿಸಲು 600ರ ಮೇಲಿನ ಟ್ವಿಸ್ಟ್ ಲೂಪ್ ಅಥವಾ ಅದಕ್ಕಿಂತ ಹಗುರವಾದ ವಾಫಲ್ ರೂಢಿಯಲ್ಲಿವೆ.

ಲೇಬಲ್‌ನ ಜಿಎಸ್‌ಎಂ ನಿಜವೇ ಎಂದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲೇ ನೋಡಬಹುದು. 40×40 ಸೆಂಟಿಮೀಟರ್ ಟವೆಲ್‌ನ ವಿಸ್ತೀರ್ಣ 0.16 ಚದರ ಮೀಟರ್. ಅದು 400 ಜಿಎಸ್‌ಎಂ ಆಗಿದ್ದರೆ ತೂಕ 64 ಗ್ರಾಂ ಇರಬೇಕು. 60×90 ಸೆಂಟಿಮೀಟರಿನ 1,000 ಜಿಎಸ್‌ಎಂ ಒಣಗಿಸುವ ಟವೆಲ್ 540 ಗ್ರಾಂ ತೂಗಬೇಕು. ಪಟ್ಟಿ ಮತ್ತು ಹೊಲಿಗೆಯ ತೂಕದಿಂದ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. 64 ಗ್ರಾಂ ಬರಬೇಕಾದಲ್ಲಿ 45 ಬಂದರೆ ಲೇಬಲ್ ಸುಳ್ಳು. ನೆನೆದಾಗ ದೊಡ್ಡ ಟವೆಲ್‌ನ ಭಾರ ಕಿಲೋಗಳ ಲೆಕ್ಕಕ್ಕೆ ಏರುತ್ತದೆ ಎಂಬುದನ್ನೂ ಕೊಳ್ಳುವ ಮುನ್ನ ಯೋಚಿಸಬೇಕು. ಕೈಯಿಂದ ಹಿಂಡಲಾಗದ, ವಾಷಿಂಗ್ ಮೆಷಿನ್ನಿನಲ್ಲಿ ಸಲೀಸಾಗಿ ಹೊರಳದ ಟವೆಲ್ ಚೆನ್ನಾಗಿ ಶುಚಿಯಾಗುವುದಿಲ್ಲ. ಒಂದು ದುಬಾರಿ ಟವೆಲ್‌ಗೆ ಕೊಡುವ ಹಣದಲ್ಲಿ ಮಧ್ಯಮ ದರ್ಜೆಯ ಆರು ಟವೆಲ್ ಬರುವುದಾದರೆ, ಕಾರಿನ ಬಣ್ಣದ ದೃಷ್ಟಿಯಿಂದ ಆರೇ ಲಾಭ. ಕೊಳೆ ಹಿಡಿದ ಬದಿಯನ್ನು ಬಿಟ್ಟು ಹೊಸ ಬದಿ ಹಿಡಿಯಲು ಅವಕಾಶ ಕೊಡುವುದು ಸಂಖ್ಯೆ.

ಬಳಕೆ

40×40 ಟವೆಲನ್ನು ಎರಡು ಸಲ ಮಡಿಸಿದರೆ 20×20 ಸೆಂಟಿಮೀಟರಿನ ಎಂಟು ಮುಖಗಳು ಸಿಗುತ್ತವೆ. ಮಡಿಕೆಯಿಂದ ಕೈಯ ಒತ್ತಡ ಬೆರಳ ತುದಿಗಳಲ್ಲಿ ಸೇರದೆ ಹರಡುತ್ತದೆ, ಒಂದು ಮುಖ ಕೊಳೆಯಾದಾಗ ಮುಂದಿನದನ್ನು ತಿರುಗಿಸಿಕೊಳ್ಳಬಹುದು. ಮುದುಡಿ ಹಿಡಿದ ಬಟ್ಟೆಯಲ್ಲಿ ಯಾವ ಭಾಗ ಶುಚಿ, ಯಾವುದು ಕೊಳೆ ಎಂಬ ಲೆಕ್ಕ ತಪ್ಪುತ್ತದೆ. ತೊಳೆದ ಕಾರನ್ನು ಒಣಗಿಸುವಾಗ ದೊಡ್ಡ ಟವೆಲನ್ನು ಬಾನೆಟ್ ಮೇಲೆ ಹರಡಿ ಮೆಲ್ಲಗೆ ಎಳೆಯುವುದು ಅಥವಾ ಒತ್ತಿ ಎತ್ತುವುದು ಉಜ್ಜುವುದಕ್ಕಿಂತ ಒಳ್ಳೆಯದು. ನೆಲಕ್ಕೆ ಬಿದ್ದ ಟವೆಲ್ ಒಗೆಯುವವರೆಗೆ ಬಣ್ಣಕ್ಕೆ ಬಳಕೆಯಾಗಬಾರದು. ಕೊಡವಿದರೆ ಸುರುಳಿಯ ಬುಡದ ಮರಳು ಉದುರುವುದಿಲ್ಲ.

ಒಣಧೂಳು ಕೂತ ಕಾರನ್ನು ಒಣಬಟ್ಟೆಯಿಂದ ಒರೆಸುವುದು ಅತ್ಯಂತ ಹಾನಿಕರ ಬಳಕೆ. ನಗರಗಳ ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳಗ್ಗೆ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಸಾಲು ಕಾರುಗಳನ್ನು ಒರೆಸುವ ರೂಢಿಯಲ್ಲೂ ಇದೇ ದೋಷವಿದೆ: ಮೊದಲ ಕಾರಿನ ಮರಳು ಬಕೆಟ್ಟಿನ ಮೂಲಕ ಉಳಿದ ಎಲ್ಲ ಕಾರುಗಳಿಗೂ ಹಂಚಿಕೆಯಾಗುತ್ತದೆ. ನೀರು ಧಾರಾಳವಾಗಿ ಸುರಿದು ತೊಳೆದರೆ ಸಾಕು ಎಂಬ ಉತ್ತರ ಎಲ್ಲ ಕಡೆ, ಎಲ್ಲ ಕಾಲಕ್ಕೂ ನಡೆಯದು. 2024ರ ಮಾರ್ಚ್‌ನಲ್ಲಿ ನೀರಿನ ಕೊರತೆಯ ನಡುವೆ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಇಂಥ ಸ್ಥಿತಿಯಲ್ಲಿ ರಿನ್ಸ್‌ಲೆಸ್ ವಾಶ್ ಎಂಬ ವಿಧಾನಕ್ಕೆ ಅರ್ಥ ಬರುತ್ತದೆ. ಕೊಳೆಯನ್ನು ಜಾರಿಸುವ ದ್ರಾವಣವನ್ನು ಒಂದು ಬಕೆಟ್ ನೀರಿಗೆ ಸೇರಿಸಿ, ಎಂಟು ಹತ್ತು ಟವೆಲ್ ಅದರಲ್ಲಿ ನೆನೆಸಿ, ಒಂದೊಂದರ ಪ್ರತಿ ಮುಖವನ್ನೂ ಒಂದೇ ಬಾರಿ ಎಳೆದು, ಬಳಸಿದ ಟವೆಲನ್ನು ಮತ್ತೆ ಬಕೆಟ್ಟಿಗೆ ಹಾಕದೆ ಪಕ್ಕಕ್ಕಿಡುವುದು ಇದರ ಕ್ರಮ. ಕೆಸರು ಮೆತ್ತಿದ ಕಾರಿಗೆ ಇದು ಒಗ್ಗುವುದಿಲ್ಲ. ಸಾಮಾನ್ಯ ಧೂಳಿಗೆ ಸಾಕು. ಇಲ್ಲಿ ಮರಳನ್ನು ಕೊಚ್ಚಿ ಒಯ್ಯುವ ನೀರಿನ ಕೆಲಸವನ್ನು ಟವೆಲೇ ಮಾಡುವುದರಿಂದ ಅದರ ಶುಚಿತ್ವದ ಮೇಲಿನ ಅವಲಂಬನೆ ಇನ್ನಷ್ಟು ಹೆಚ್ಚುತ್ತದೆ.

ಆರೈಕೆ

ಹೊಸ ಟವೆಲನ್ನೂ ಒಮ್ಮೆ ಒಗೆದೇ ಬಳಸಬೇಕು. ಕತ್ತರಿಸುವಾಗ ಉಳಿದ ಎಳೆಚೂರು ಮತ್ತು ಹೆಚ್ಚುವರಿ ಬಣ್ಣ ಆಗ ಹೋಗುತ್ತವೆ. ಬಳಸಿದ ಟವೆಲನ್ನು ಕೊಳೆ ಒಣಗುವ ಮುನ್ನ ನೀರಿನಲ್ಲಿ ನೆನೆಹಾಕುವುದು ಮುಖ್ಯ. ಹೊಳಪಿಗೆ ಹಚ್ಚುವ ಕಾರ್ನೂಬಾ ವ್ಯಾಕ್ಸ್ ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೈಕ್ರೋಫೈಬರ್‌ಗೆ ಹೇಳುವ 40 ಡಿಗ್ರಿ ನೀರಿನಲ್ಲಿ ಅದು ಕರಗುವುದಿಲ್ಲ, ಡಿಟರ್ಜೆಂಟಿನಲ್ಲಿ ನೆನೆದೇ ಬಿಡಬೇಕು. ಒಗೆಯುವಾಗ ಹತ್ತಿ ಬಟ್ಟೆ ಜೊತೆಗಿರಬಾರದು. ಹತ್ತಿಯ ಜೂಲನ್ನೂ ಸೀಳು ಎಳೆ ಹಿಡಿದುಕೊಂಡು ಆಮೇಲೆ ಗಾಜಿನ ಮೇಲೆ ಬಿಡುತ್ತದೆ. ಚಕ್ರ ಮತ್ತು ಎಂಜಿನ್ ಭಾಗ ಒರೆಸಿದ ಟವೆಲ್‌ಗಳನ್ನು ಬಣ್ಣಕ್ಕೆ ಬಳಸಿದವುಗಳ ಜೊತೆ ಒಗೆಯುವುದೂ ಸಲ್ಲದು.

ಫ್ಯಾಬ್ರಿಕ್ ಕಂಡಿಷನರ್ ಹಾಕಬಾರದು ಎಂಬುದರಲ್ಲಿ ಭಿನ್ನಾಭಿಪ್ರಾಯ ಇಲ್ಲ. ಅದು ಎಳೆಯ ಮೇಲೆ ಜಿಡ್ಡಿನ ತೆಳು ಪದರ ಕೂರಿಸಿ ಸಂದುಗಳನ್ನು ಮುಚ್ಚುತ್ತದೆ. ಬಟ್ಟೆ ಮೃದುವೆನಿಸಿದರೂ ನೀರು ಹೀರುವುದಿಲ್ಲ. ಕ್ಲೋರಿನ್ ಬ್ಲೀಚ್ ನೈಲಾನನ್ನು ಕೆಡಿಸುತ್ತದೆ. ಡಿಟೇಲಿಂಗ್ ಟವೆಲ್‌ಗೆಂದೇ ಮಾರುವ ವಿಶೇಷ ದ್ರಾವಣ ಬೇಕೇಬೇಕೆ ಎಂಬ ಪ್ರಶ್ನೆಗೆ, ಕಂಡಿಷನರ್ ಮತ್ತು ಬ್ಲೀಚ್ ಬೆರೆಸದ ಸಾಮಾನ್ಯ ಲಿಕ್ವಿಡ್ ಡಿಟರ್ಜೆಂಟ್ ಸಾಕು ಎಂಬುದು ಉತ್ತರ. ಆದರೆ ಪುಡಿ ಮತ್ತು ಬಾರ್ ಸೋಪುಗಳ ವಿಷಯ ಬೇರೆ. ತಣ್ಣೀರಿನಲ್ಲಿ ಪುಡಿ ಪೂರ್ತಿ ಕರಗದೆ ಹರಳಾಗಿ ಉಳಿಯಬಹುದು. ಭಾರತದಲ್ಲಿ ಮಾರುವ ಅನೇಕ ಡಿಟರ್ಜೆಂಟ್ ಬಾರ್‌ಗಳಲ್ಲಿ ಕ್ಯಾಲ್ಸೈಟ್, ಜೇಡಿಯಂಥ ಖನಿಜ ಪುಡಿಗಳು ಭರ್ತಿಗಾಗಿ ಇರುತ್ತವೆ. ಬಾರನ್ನು ಟವೆಲ್ ಮೇಲೆ ತಿಕ್ಕಿದರೆ ಅವು ನೇರವಾಗಿ ಸುರುಳಿಗಳೊಳಗೆ ಸೇರುತ್ತವೆ.

ನೀರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು, ಕೋಲಾರದಂಥ ಕಡೆ ಬೋರ್‌ವೆಲ್ ನೀರು ಗಡಸು. ಗಡಸು ನೀರಿನ ಕ್ಯಾಲ್ಸಿಯಂ, ಡಿಟರ್ಜೆಂಟ್ ಪುಡಿಯಲ್ಲಿರುವ ವಾಷಿಂಗ್ ಸೋಡಾದೊಂದಿಗೆ ಸೇರಿ ಸುಣ್ಣದಂಥ ಗಷ್ಟಾಗುತ್ತದೆ, ಸಾಬೂನಿನೊಂದಿಗೆ ಸೇರಿ ಜಿಡ್ಡಾಗುತ್ತದೆ. ಎರಡೂ ಎಳೆಗೆ ಅಂಟಿಕೊಂಡು ಟವೆಲನ್ನು ಹಪ್ಪಳದಂತೆ ಬಿರುಸು ಮಾಡುತ್ತವೆ. ಡಿಟರ್ಜೆಂಟ್ ಕಡಿಮೆ ಹಾಕಿ, ಒಂದು ಸಲ ಹೆಚ್ಚು ಜಾಲಿಸಿ, ಕೊನೆಯ ಜಾಲಿಕೆಯಲ್ಲಿ ಸ್ವಲ್ಪ ಬಿಳಿ ವಿನಿಗರ್ ಸೇರಿಸಿದರೆ ಸುಣ್ಣದ ಅಂಶ ಕರಗುತ್ತದೆ. ಬಿರುಸಾದ ಟವೆಲ್ ಹಾಳಾಯಿತೆಂದು ಎಸೆಯುವ ಮುನ್ನ ಇದನ್ನು ಮಾಡಿ ನೋಡಬೇಕು. ಒಗೆಯುವ ಕಲ್ಲಿನ ಮೇಲೆ ಕುಕ್ಕುವುದು ಮಾತ್ರ ಪೂರ್ತಿ ವರ್ಜ್ಯ: ಕಲ್ಲಿನ ಒರಟು ಸುರುಳಿಗಳನ್ನು ಹರಿಯುತ್ತದೆ, ಕಲ್ಲಿನಿಂದ ಎದ್ದ ಕಣಗಳು ಬಟ್ಟೆಗೆ ಸೇರುತ್ತವೆ. ಬಕೆಟ್ಟಿನಲ್ಲಿ ಅದ್ದಿ ಹಿಸುಕುವುದು ಸಾಕು.

ಡ್ರೈಯರ್‌ನ ಶಾಖಕ್ಕೆ ಮೈಕ್ರೋಫೈಬರ್ ಕರಗಿಹೋಗುತ್ತದೆ ಎಂಬ ಮಾತು ನಿಖರವಲ್ಲ. ಪಾಲಿಯೆಸ್ಟರ್ ಕರಗುವುದು ಸುಮಾರು 255 ಡಿಗ್ರಿಯಲ್ಲಿ, ನೈಲಾನ್ 6 ಸುಮಾರು 220ರಲ್ಲಿ. ಮನೆಯ ಡ್ರೈಯರ್ ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಒಣ ನೈಲಾನ್ ಸುಮಾರು 50 ಡಿಗ್ರಿಯಲ್ಲೂ ಪಾಲಿಯೆಸ್ಟರ್ 70ರಿಂದ 80ರಲ್ಲೂ ಮೆತ್ತಗಾಗುತ್ತವೆ. ಆ ಬಿಸಿಯಲ್ಲಿ ಬಾಗಿದ ಎಳೆ ತಣ್ಣಗಾದಾಗ ಅದೇ ಬಾಗಿನಲ್ಲಿ ನಿಲ್ಲುತ್ತದೆ. ಕುಚ್ಚು ಜಡೆಗಟ್ಟಿ ಸಂದುಗಳು ಮುಚ್ಚುತ್ತವೆ. ಹಾಗಾಗಿ ಕಡಿಮೆ ಶಾಖ ಅಥವಾ ಗಾಳಿಯಲ್ಲಿ ಒಣಗಿಸಬೇಕೆಂಬ ಸಲಹೆ ಸರಿ, ಅದಕ್ಕೆ ಕೊಡುವ ಕಾರಣ ಮಾತ್ರ ತಪ್ಪು. ಹೆಚ್ಚು ಹೊತ್ತಿನ ಬಿಸಿಲು ನೈಲಾನನ್ನು ದುರ್ಬಲ ಮಾಡುವುದರಿಂದ ನೆರಳು ಮೇಲು. ಕಾಂಪೌಂಡ್ ಗೋಡೆಯ ಮೇಲೆ, ಬೇಲಿಯ ಮೇಲೆ ಹರಡಿದರೆ ಧೂಳು ಮತ್ತೆ ಸೇರುತ್ತದೆ. ತೆಂಗಿನ ನಾರಿನ ಹಗ್ಗದ ಮೇಲೆ ಹಾಕಿದರೆ ನಾರು ಅಂಟುತ್ತದೆ. ಪ್ಲಾಸ್ಟಿಕ್ ಹಗ್ಗವನ್ನು ಒರೆಸಿ, ಅದರ ಮೇಲೆ ಒಣಗಿಸಿ, ಮುಚ್ಚಳವಿರುವ ಡಬ್ಬದಲ್ಲಿ ಕೆಲಸವಾರು ಬೇರೆ ಬೇರೆ ಬಣ್ಣದ ಟವೆಲ್‌ಗಳನ್ನು ಇಡುವುದು ಸಾಮಾನ್ಯ ಪದ್ಧತಿ.

ಆಯುಷ್ಯ ಮತ್ತು ದರ್ಜೆ ಇಳಿಕೆ

ಟವೆಲ್‌ಗೆ ಇಂತಿಷ್ಟು ಒಗೆತ ಎಂಬ ಆಯುಷ್ಯವನ್ನು ಲೇಬಲ್‌ಗಳು ಹೇಳಿದರೂ, ಬಳಕೆಯ ಬಗೆ ನೋಡದೆ ಆ ಅಂಕಿಗೆ ಅರ್ಥವಿಲ್ಲ. ಕುಚ್ಚು ಜಡೆಗಟ್ಟಿದೆಯೇ, ಒಗೆದ ಮೇಲೂ ಬಿರುಸಾಗಿದೆಯೇ, ನೀರನ್ನು ತಳ್ಳುತ್ತಿದೆಯೇ, ಬಿಡಿಸಲಾಗದ ಕಸಕಡ್ಡಿ ಸಿಕ್ಕಿದೆಯೇ ಎಂದು ನೋಡಿ ನಿರ್ಧರಿಸಬೇಕು. ಬಣ್ಣಕ್ಕೆ ಒಗ್ಗದ ಟವೆಲ್ ಒಳಭಾಗಕ್ಕೆ, ಅಲ್ಲಿಂದ ಬಾಗಿಲ ಸಂದಿಗೆ, ಅಲ್ಲಿಂದ ಚಕ್ರ ಮತ್ತು ಎಂಜಿನ್ ಭಾಗಕ್ಕೆ ಇಳಿಯುತ್ತದೆ. ಈ ಇಳಿಕೆ ಒಂದೇ ದಿಕ್ಕಿನದು. ಚಕ್ರ ಒರೆಸಿದ ಟವೆಲ್ ಎಷ್ಟು ಒಗೆದರೂ ಬಣ್ಣಕ್ಕೆ ಮರಳಬಾರದು, ಬ್ರೇಕಿನ ಕಬ್ಬಿಣದ ಪುಡಿ ಪೂರ್ತಿ ಹೋಗಿದೆಯೆಂದು ತಿಳಿಯುವ ದಾರಿ ಇಲ್ಲ. ಸೆರಾಮಿಕ್ ಲೇಪ ಒರೆಸಿದ ಟವೆಲ್‌ಗೆ ಇಳಿಕೆಯ ಮೆಟ್ಟಿಲೂ ಕಡಿಮೆ. ಲೇಪದಲ್ಲಿನ ಸಿಲಿಕಾ ಆಧಾರಿತ ವಸ್ತು ಬಟ್ಟೆಯೊಳಗೆ ಗಾಜಿನಂತೆ ಗಟ್ಟಿಯಾಗುತ್ತದೆ. ಒಗೆತ ಅದನ್ನು ತೆಗೆಯುವುದಿಲ್ಲ. ಅದಕ್ಕಾಗಿ ಅಗ್ಗದ, ಗಿಡ್ಡ ಕುಚ್ಚಿನ ಟವೆಲ್ ಬಳಸಿ ಕೆಲಸ ಮುಗಿದೊಡನೆ ಬೇರ್ಪಡಿಸುವುದು ರೂಢಿ.

ಪರಿಸರದ ಪ್ರಶ್ನೆ

ಸಂಶ್ಲೇಷಿತ ಬಟ್ಟೆ ಒಗೆದಾಗ ಪ್ಲಾಸ್ಟಿಕ್ ಎಳೆಚೂರುಗಳು ನೀರಿಗೆ ಸೇರುತ್ತವೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ 2017ರ ವರದಿ, ಸಮುದ್ರ ಸೇರುವ ಪ್ರಾಥಮಿಕ ಮೈಕ್ರೋಪ್ಲಾಸ್ಟಿಕ್‌ನಲ್ಲಿ ಸುಮಾರು ಶೇ 35 ಸಂಶ್ಲೇಷಿತ ಬಟ್ಟೆಗಳ ಒಗೆತದಿಂದ ಬರುತ್ತದೆಂದು ಅಂದಾಜಿಸಿತು. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ, 6 ಕಿಲೋ ಅಕ್ರಿಲಿಕ್ ಬಟ್ಟೆಯ ಒಂದು ಒಗೆತದಲ್ಲಿ 7 ಲಕ್ಷಕ್ಕೂ ಹೆಚ್ಚು, ಅಷ್ಟೇ ಪಾಲಿಯೆಸ್ಟರ್‌ನಲ್ಲಿ ಸುಮಾರು 5 ಲಕ್ಷ ಎಳೆಚೂರು ಉದುರಬಹುದೆಂದು ಲೆಕ್ಕ ಹಾಕಿದರು. ಇವು ಉಡುಪಿನ ಬಟ್ಟೆಗಳ ಅಂಕಿಗಳು. ಎಳೆ ಇನ್ನೂ ಸಣ್ಣದಾಗಿರುವ ಟವೆಲ್‌ಗೆ ಇವನ್ನು ನೇರವಾಗಿ ಹೊಂದಿಸಲಾಗದಿದ್ದರೂ ಸಮಸ್ಯೆಯ ಸ್ವರೂಪ ಒಂದೇ. ಹಾಗಾದರೆ ಹತ್ತಿಗೇ ಮರಳಬಹುದಲ್ಲ ಎಂಬ ವಾದಕ್ಕೆ ಬಲವಿದೆ. ಒಳಭಾಗ, ಚಕ್ರ, ಬಾಗಿಲ ಸಂದಿಯಂಥ ಕಡೆ ಹಳೆಯ ಹತ್ತಿ ಬಟ್ಟೆ ಚೆನ್ನಾಗಿಯೇ ನಡೆಯುತ್ತದೆ. ಕ್ಲಿಯರ್ ಕೋಟ್ ಮೇಲೆ, ಕಣವನ್ನು ಎತ್ತಿ ಒಳಗೆಳೆದುಕೊಳ್ಳುವ ವಿಷಯದಲ್ಲಿ, ಚಪ್ಪಟೆ ಹತ್ತಿ ಬಟ್ಟೆ ಮೈಕ್ರೋಫೈಬರ್‌ಗೆ ಸಮ ಬರುವುದಿಲ್ಲ. ಮೈಕ್ರೋಫೈಬರ್ ಬಳಕೆಯನ್ನು ಬಣ್ಣ ಮತ್ತು ಗಾಜಿಗೆ ಸೀಮಿತಗೊಳಿಸಿ, ತಣ್ಣೀರಿನಲ್ಲಿ ಮೆದುವಾಗಿ, ಮೆಷಿನ್ ತುಂಬುವಷ್ಟು ಸೇರಿಸಿ ಒಗೆಯುವುದು ಬಟ್ಟೆಯ ಬಾಳಿಕೆಗೂ ಎಳೆಚೂರು ತಗ್ಗಿಸುವುದಕ್ಕೂ ಒಟ್ಟಿಗೆ ಸಲ್ಲುವ ಮಾರ್ಗ.

ಇಂದಿನ ಸ್ಥಿತಿ

ಕಾರಿಗೆಂದು ಮಾರುವ ಮೈಕ್ರೋಫೈಬರ್ ಟವೆಲ್‌ಗಳಲ್ಲಿ ಹೆಚ್ಚಿನವು ಚೀನಾದಲ್ಲಿ ತಯಾರಾಗುತ್ತವೆ; ದಕ್ಷಿಣ ಕೊರಿಯಾದ 70:30 ಬಟ್ಟೆಗಳಿಗೆ ಡಿಟೇಲಿಂಗ್ ವಲಯದಲ್ಲಿ ಹೆಚ್ಚಿನ ಬೆಲೆ ಇದೆ. ಒಂದೇ ಕಾರ್ಖಾನೆಯ ಬಟ್ಟೆ ಬೇರೆ ಬೇರೆ ಬ್ರಾಂಡ್ ಹೆಸರಿನಲ್ಲಿ ಬರುವುದು ಸಾಮಾನ್ಯ. ಜಿಎಸ್‌ಎಂ ಮತ್ತು ಎಳೆಯ ಪ್ರಮಾಣವನ್ನು ಪ್ಯಾಕೆಟ್ ಮೇಲೆ ಮುದ್ರಿಸುವುದು ರೂಢಿಯಾಗಿದೆ. ಎಳೆ ಎಷ್ಟರ ಮಟ್ಟಿಗೆ ಸೀಳಿದೆ, ಒಂದೊಂದು ಎಳೆ ಎಷ್ಟು ಡೆನಿಯರ್ ಎಂಬ ಹೆಚ್ಚು ಮುಖ್ಯವಾದ ಎರಡು ವಿವರಗಳು ಅಲ್ಲಿ ಅಪರೂಪ. ಸೆರಾಮಿಕ್ ಲೇಪ ಮತ್ತು ಕಡಿಮೆ ನೀರಿನ ತೊಳೆತ ಹರಡಿದಂತೆ ಒಂದು ಕಾರಿಗೆ ಬೇಕಾಗುವ ಟವೆಲ್‌ಗಳ ಸಂಖ್ಯೆಯೂ ಏರುತ್ತಿದೆ. ಕೊಳ್ಳುವವರಿಗೆ ಉಳಿದಿರುವ ಸಾಧನಗಳು ತಕ್ಕಡಿ, ಅಂಗೈ, ಚೆಲ್ಲಿದ ನೀರು ಮತ್ತು ಹಳೆಯ ಸಿಡಿ. ಇವು ನಾಲ್ಕೂ ಬಟ್ಟೆ ಹೊಸದಾಗಿದ್ದಾಗಿನ ಗುಣವನ್ನು ಹೇಳುತ್ತವೆ. ಹತ್ತನೆಯ ಒಗೆತದ ನಂತರವೂ ಆ ಗುಣ ಉಳಿಯುವುದು ಯಾವುದರ ಜೊತೆ ಒಗೆದರು, ಏನು ಹಾಕಿ ಒಗೆದರು, ಎಲ್ಲಿ ಒಣಗಿಸಿದರು, ಯಾವ ಕೆಲಸಕ್ಕೆ ಇಳಿಸಿದರು ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಮೈಕ್ರೋಫೈಬರ್ ಟವೆಲ್‌ನ ದರ್ಜೆಯನ್ನು ಕೊಳ್ಳುವಾಗ ಒಮ್ಮೆ ಗೊತ್ತುಮಾಡಿ ಮುಗಿಸಲಾಗದು. ಪ್ರತಿ ಬಳಕೆಗೂ ಮುನ್ನ ಅದನ್ನು ಹೊಸದಾಗಿ ನೋಡಬೇಕಾಗುತ್ತದೆ.